ಐವತ್ತು ಮೈಕ್ರೋಸೆಕೆಂಡು

ಕ್ಲೈಪೇದಾ ಬಂದರಿನ ತೂಕದ ಕಟ್ಟೆ. ಜನವರಿ.
ಬೆಳಗಿನ ಆರೂವರೆಗೇ ಹನ್ನೊಂದು ಲಾರಿ
ಗೋಧಿ ಹೊತ್ತು ಗುರುಗುಟ್ಟುತ್ತ ನಿಂತಿವೆ.
ಒಳಗೆ ಹಳೆಯ ಡಿಸ್ಕು ಸತ್ತಿದೆ.
ಹೊಸದರ ಮೇಲೆ, ಹೊಸದೆಂದರೆ ಗುಜರಿಯದು,
ಅದೇ ಹಳೆಯ ವಿಂಡೋಸ್ ಹತ್ತಿಸಬೇಕು;
ತಕ್ಕಡಿಗೆ ಬೇರೆ ಭಾಷೆ ಬಾರದು.

ನೀಲಿ ತೆರೆಯ ತಳದಲ್ಲಿ ಒಂದೇ ಸಾಲು ಬಂತು:
ಬೇರೆ ಡ್ರೈವರ್ ಇದ್ದರೆ ಎಫ್ ಆರು ಒತ್ತಿ.
ಓದಿ ಮುಗಿಸುವುದರೊಳಗೆ ಹೋಯಿತು.
'ಡಿಸ್ಕೇ ಇಲ್ಲ' ಅಂದಿತು ಯಂತ್ರ, ಬಹಳ ಮರ್ಯಾದೆಯಿಂದ.
ಡಿಸ್ಕು ಅಲ್ಲೇ ಇತ್ತು. ತಿರುಗುತ್ತಿತ್ತು.
ಮುಟ್ಟಿದರೆ ಬೆರಳಿಗೆ ಗೊತ್ತಾಗುತ್ತಿತ್ತು.

ದಾಂಗುವೊಲೆ ಕೋಟು ಕಳಚಲಿಲ್ಲ.
'ಅದಕ್ಕೇನು ಕಣ್ಣಿದೆಯೇ? ಇಷ್ಟು ವರ್ಷದಲ್ಲಿ
ಡಿಸ್ಕಿನ ಮುಖ ಒಮ್ಮೆಯೂ ನೋಡಿಲ್ಲ ಅದು.
ನಡುವೆ ಕಂಟ್ರೋಲರ್ ಕೂತಿದೆ, ಒರಟು ಗಿರಾಕಿ.
ದುಭಾಷಿ ಬಾರದೆ ಈ ಸಂಸಾರ ನಡೆಯದು.'
ಮೀನಿನ ಡಬ್ಬಿಯಿಂದ ಒಂದು ಫ್ಲಾಪಿ ತೆಗೆದಳು,
ಅದಕ್ಕೆ ಸುತ್ತಿದ್ದ ಕಾಗದವನ್ನು ನನ್ನ ಕೈಗಿಟ್ಟಳು.

ಗಿನ್ತೌತಾಸ್ ಬರೆದ ಡ್ರೈವರು. ಅವನು ತೀರಿ ಒಂಬತ್ತು ವರ್ಷ.
ಮಡಿಕೆಗಳಲ್ಲಿ ಅಕ್ಷರ ಉದುರಿವೆ, ಆದರೂ ಓದಬಹುದು:
ಸಿಲಿಂಡರ್ ಹೇಳು, ಹೆಡ್ ಹೇಳು, ಸೆಕ್ಟರ್ ಹೇಳು,
ಆಮೇಲೆ ಓದು ಅನ್ನು.
ಬಿಡುವಾಯಿತೇ? ಇಲ್ಲ.
ಬಿಡುವಾಯಿತೇ? ಇಲ್ಲ.
ಬಿಡುವಾಯಿತೇ?
ಹೂಂ ಅಂದ ಮೇಲೆ ಒಂದು ವಿಚಿತ್ರ ಸಾಲು:
ಐವತ್ತು ಮೈಕ್ರೋಸೆಕೆಂಡು ಸುಮ್ಮನಿರು.
ಪಕ್ಕದಲ್ಲಿ ಅವನದೇ ಟಿಪ್ಪಣಿ:
ಇದನ್ನು ತೆಗೆಯಬೇಡಿ. ಯಾಕೆಂದು ನನಗೂ ಗೊತ್ತಿಲ್ಲ.

ಈ ಸಲ ಎಫ್ ಆರರ ಮೇಲೆ ಬೆರಳೂರಿ ಕಾದೆ.
ಫ್ಲಾಪಿ ಕರಕರ ಅಗಿಯಿತು, ನಿಂತಿತು, ಮತ್ತೆ ಅಗಿಯಿತು.
ಹೊರಗೆ ಯಾರೋ ಹಾರ್ನ್ ಬಡಿದರು.
ಆಮೇಲೆ ತೆರೆಯ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ,
ಡಿಸ್ಕಿನ ಹೆಸರು, ಅದರ ಅಳತೆ.

ಹತ್ತೂವರೆಗೆ ಮೊದಲ ಲಾರಿ ಕಟ್ಟೆ ಏರಿತು:
ಮೂವತ್ತೊಂಬತ್ತು ಸಾವಿರದ ನಾನೂರ ಇಪ್ಪತ್ತು ಕಿಲೋ.
ಚಾಲಕ ಚೀಟಿ ಕಿತ್ತುಕೊಂಡು, ನಾಲ್ಕು ಗಂಟೆ
ಯಾಕೆ ಕಾಯಿಸಿದಿರೆಂದು ಬೈದು ಹೋದ.

ಡಬ್ಬಿ ಮುಚ್ಚುವಾಗ ಕೇಳಿದೆ:
'ಆ ಐವತ್ತನ್ನು ನೀವು ತೆಗೆದು ನೋಡಿಲ್ಲವೇ?'
'ನೋಡಿದ್ದೆ, ಒಂದು ಜುಲೈನಲ್ಲಿ,' ಅಂದಳು.
'ಏನೂ ಆಗಲಿಲ್ಲ.'
ಕಿಟಕಿಯ ಮಂಜನ್ನು ತೋಳಿನಿಂದ ಒರೆಸಿದಳು.
'ಅಕ್ಟೋಬರಿನ ತನಕ.'