ಹದಿನೇಳು ನಿಮಿಷದ ಹಿರಿತನ

ನಮ್ಮಲ್ಲಿ ಅವಳಿ ಹೆಣ್ಣುಗಳಿಗೆ ಹೆಸರು ಹುಡುಕುವ ಕಷ್ಟವಿಲ್ಲ.
ಮೊದಲು ಬಂದವಳು ಅಪಿಯೊ, ಅದು ನಾನು.
ಹಿಂದೆ ಉಳಿದವಳು ಅದೊಂಗೊ.
ನಡುವೆ ಹದಿನೇಳು ನಿಮಿಷ.
ಆ ಹದಿನೇಳು ನಿಮಿಷವನ್ನೇ
ಹದಿನಾಲ್ಕು ವರ್ಷ ಉಂಡೆ ನಾನು.

ಬಸಿರು ಒಂದೇ, ರಕ್ತ ಬೇರೆ.
ಅವಳ ರಕ್ತದ ಕಣಗಳು ಕುಡುಗೋಲಿನ ಹಾಗೆ ಬಾಗಿ
ಸಂದಿಗೊಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ.
ಆಗ ಅವಳ ಮೂಳೆಗಳು ಕೂಗುತ್ತವೆ,
ಅವಳು ಕೂಗುವುದಿಲ್ಲ.
ಕೂಗುವ ಕೆಲಸ ನನ್ನದು.

ಕಿಸುಮು ದೊಡ್ಡಾಸ್ಪತ್ರೆಯ ಏಳನೇ ಕೋಣೆ.
"ಎಲ್ಲಿ ನೋವು?"
"ಬೆನ್ನಲ್ಲಿ," ಅಂದೆ ನಾನು.
"ಎಷ್ಟು?"
ಗೋಡೆಯ ಮೇಲೆ ಸಾಲಾಗಿ ಆರು ಮುಖ,
ಮೊದಲನೆಯದು ನಗುತ್ತದೆ, ಕೊನೆಯದು ಅಳುತ್ತದೆ.
ಐದನೆಯದರ ಮೇಲೆ ಬೆರಳಿಟ್ಟೆ.
"ಮಾತ್ರೆ ತಪ್ಪಿಸಿದ್ದುಂಟೇ?"
"ಒಂದು ದಿನವೂ ಇಲ್ಲ."
ಅಮ್ಮ ಹೌದೆಂದು ತಲೆಯಾಡಿಸಿದಳು.
ಅದೊಂಗೊ ಕಿಟಕಿಯಾಚೆ ಸರೋವರ ನೋಡುತ್ತಿದ್ದಳು.
ಅಂತರಗಂಗೆ ಹಬ್ಬಿ ಹಬ್ಬಿ
ದೋಣಿಯೊಂದು ದಡ ಕಾಣದೆ ನಿಂತಿತ್ತು.

ಶಾಲೆಯಲ್ಲೂ ಅದೇ ಕತೆ.
ತರಗತಿಯಲ್ಲಿ ನೀರು ಕುಡಿಯಬಾರದು, ನಿಯಮ.
ಅವಳಿಗೋ ಗಂಟೆಗೊಮ್ಮೆ ಗುಟುಕು ಬೇಕೇ ಬೇಕು.
"ಮೇಡಂ, ನನ್ನ ತಂಗಿಗೆ ಬಾಯಾರಿದೆ."
ಬಾಯಾರುವುದು ಒಂದು ಬಾಯಿ
ಕೇಳುವುದು ಇನ್ನೊಂದು ಬಾಯಿ.
ಹಿಂದಿನ ಬೆಂಚಿನಲ್ಲಿ ನಗು.

ಆಮೇಲೆ ಬಂದರು ನರ್ಸ್ ನಾಂಜಾಲ.
ನಮ್ಮ ಮೂರು ಕುರ್ಚಿಗಳಲ್ಲಿ ಎರಡನ್ನು ಎತ್ತಿ
ಹೊರಗಿನ ಪಡಸಾಲೆಯಲ್ಲಿಟ್ಟರು.
"ನೀವಿಬ್ಬರೂ ಇಲ್ಲಿ ಕೂತಿರಿ."
"ಅವಳಿಗೆ ಹೇಳಲು ಬರುವುದಿಲ್ಲ," ಅಂದೆ.
"ಬರುವವರೆಗೆ ಕಾಯುತ್ತೇನೆ," ಅಂದರು.
ಬಾಗಿಲು ಮುಚ್ಚಿತು.

ಅರ್ಧ ಗಂಟೆ.
ಅಮ್ಮ ತನ್ನ ಲೆಸೊ ಬಟ್ಟೆಯ ಅಂಚಿನಿಂದ
ಒಂದೊಂದೇ ಎಳೆ ಕೀಳುತ್ತಿದ್ದಳು.
ನನ್ನ ಬಾಯಿ ತುಂಬ ಉತ್ತರಗಳು,
ಪ್ರಶ್ನೆ ಮಾತ್ರ ಯಾರೂ ಕೇಳುತ್ತಿಲ್ಲ.
ಬಾಗಿಲಿಗೆ ಕಿವಿಯಿಟ್ಟೆ. ನಾಚಿಕೆಯೇನಿಲ್ಲ, ಇಟ್ಟೆ.
ಒಳಗೆ ಮೌನ.
ಮತ್ತೆ ಮೌನ.
ಆಮೇಲೆ ಯಾರದೋ ದನಿ, ಸಣ್ಣದು, ತಡವರಿಸುತ್ತಿತ್ತು.
ಯಾರದೆಂದು ತಿಳಿಯಲು ನನಗೆ,
ಅವಳ ಜೊತೆ ಒಂದೇ ಹೊಟ್ಟೆಯಲ್ಲಿ ಮಲಗಿದ್ದ ನನಗೆ,
ಹೊತ್ತು ಹಿಡಿಯಿತು.

ಮಟಾಟುವಿನಲ್ಲಿ, ಒಣಮೀನಿನ ಬುಟ್ಟಿಗಳ ನಡುವೆ,
ಪಿಸುಗುಟ್ಟಿದೆ: "ಏನು ಹೇಳಿದೆ?"
"ನೋವು ಬೆನ್ನಲ್ಲಲ್ಲ ಅಂದೆ. ಸೊಂಟದ ಕೀಲಿನಲ್ಲಿ.
ಹೋದ ವರ್ಷದಿಂದ."
ಎರಡು ನಿಲ್ದಾಣ ದಾಟಿದವು.
"ಮಾತ್ರೆ ನುಂಗುತ್ತಿಲ್ಲ ಅಂತಲೂ ಹೇಳಿದೆ.
ಹಾಸಿಗೆಯ ಹೊಲಿಗೆಯೊಳಗೆ ಬಚ್ಚಿಡುತ್ತಿದ್ದೆ."
"ಯಾಕೆ?"
ಅವಳು ನಕ್ಕಳು.
"ನೋಡು, ನೀನು ಈಗ ಕೇಳಿದೆ."

ಬೈದರೇನು ಆ ನರ್ಸು!
ನಾನಾಗಿದ್ದರೆ ಬೈಯುತ್ತಿದ್ದೆ.
ಆಕೆ ಕೇಳಿದರಂತೆ: ಬೆಳಿಗ್ಗೆಯೋ ರಾತ್ರಿಯೋ,
ನುಂಗಲು ಯಾವ ಹೊತ್ತು ನಿನಗೆ ಸಲೀಸು?
ರಾತ್ರಿ, ಅಂದಳಂತೆ ಇವಳು.
ಹಾಗಾದರೆ ರಾತ್ರಿ ಅಂತ ನೀನೇ ಬರೆದುಕೋ.
ನೋಟ್‌ಬುಕ್ಕಿನಲ್ಲಿ ಇವಳದೇ ಕೋಳಿಕಾಲಿನ ಅಕ್ಷರ.
ಓದಲು ಕೈ ಚಾಚಿದೆ,
ಮಡಿಚಿ ಚೀಲಕ್ಕೆ ಹಾಕಿಕೊಂಡಳು.

ಸೋಮವಾರ ರೇಖಾಗಣಿತ.
ಅದೊಂಗೊ ಕೈ ಎತ್ತಲಿಲ್ಲ.
ಬಾಟಲಿಯ ಮುಚ್ಚಳ ತಿರುವಿದಳು, ಕುಡಿದಳು.
ಗಂಟಲಲ್ಲಿ ನೀರಿಳಿದ ಸದ್ದು
ಹಿಂದಿನ ಬೆಂಚಿಗೂ ಕೇಳಿಸಿತು.
ಮೇಡಮ್ಮಿನ ಸೀಮೆಸುಣ್ಣ ನಿಂತಿತು.
ರೂಢಿಯಂತೆ ಅವರು ನೋಡಿದ್ದು ನನ್ನನ್ನೇ.
ನಾನು ತ್ರಿಕೋನಕ್ಕೆ ಮೂರನೆಯ ಗೆರೆ ಎಳೆಯುತ್ತಿದ್ದೆ,
ಎಳೆದ ಗೆರೆಯ ಮೇಲೆಯೇ ಮತ್ತೆ ಮತ್ತೆ.
"ಕಾಯಿಲೆಯಿದೆ ನನಗೆ, ಮೇಡಂ," ಅಂದಳು ಅವಳೇ,
"ಗಂಟೆಗೊಮ್ಮೆ ಕುಡಿಯಬೇಕು. ಕುಡಿಯುತ್ತೇನೆ."

ಆಗಲೇ ನನ್ನ ನಾಲಿಗೆ ಒಣಗಿದ್ದು ಗೊತ್ತಾಯಿತು.
ಕೈ ಎತ್ತಿದೆ.
"ಮೇಡಂ, ನೀರು."
"ಯಾರಿಗೆ?"

ಉತ್ತರ ಗೊತ್ತಿತ್ತು.
ಹೇಳಲು ತಡವರಿಸಿದೆ.