ಕೆಳತುಟಿಗೆ ತಿಳಿಯುವುದು

ಅಗ್ನಿಶಾಮಕ ಠಾಣೆಯ ಹಿಂಬದಿಯ ಅಡುಗೆಮನೆ.
ಕಿಟಕಿಯಾಚೆ ಓಹಾಯೋ ನದಿ, ಕಲ್ಲಿದ್ದಲು ಹೊತ್ತ ದೋಣಿಗಳ ಸಾಲು.
ಡಿಸೆಂಬರಿನ ಮೊದಲ ಶನಿವಾರ.
ಹೊಸ ಪಂಪಿಗೆ ದುಡ್ಡು ಕೂಡಬೇಕು, ಅದಕ್ಕೆ
ಎರಡು ಸಾವಿರ ಜಿಂಕೆಗಣ್ಣು.

ಕಡಲೆಕಾಯಿ ಬೆಣ್ಣೆಗೆ ಸಕ್ಕರೆ ಪುಡಿ ಕಲಸಿ
ಉಂಡೆ ಕಟ್ಟುವುದು ಯಾರಿಗೂ ಬರುತ್ತದೆ,
ಪಂಪಿನ ಡ್ರೈವರ್ ಡಾರ್ವಿನ್‌ಗೂ.
ಉಂಡೆ ಅದ್ದುವ ಚಾಕಲೇಟು ಮಾತ್ರ
ಓಪಲ್ ರೇನಿಯದು. ಐವತ್ತೊಂದು ವರ್ಷದಿಂದ.

"ಕುದಿಯೋ ನೀರಲ್ಲ, ಬರೀ ಉಸಿರಾಡೋ ನೀರು."
ಅದರ ಮೇಲೆ ಬೋಗುಣಿ, ಬೋಗುಣಿಯಲ್ಲಿ ಮೂರರಲ್ಲಿ ಎರಡು ಪಾಲು.
ಉಳಿದ ಒಂದು ಪಾಲು ಗಟ್ಟಿಯಾಗಿಯೇ ಪಕ್ಕದಲ್ಲಿ
ಸರದಿಗೆ ಕಾಯುತ್ತದೆ.
ಕರಗಿದ್ದಕ್ಕೆ ಕರಗದ್ದೇ ಬುದ್ಧಿ ಹೇಳಬೇಕು.
ಒಲೆಯಿಂದಿಳಿಸಿ ಹಿಡಿಹಿಡಿಯಾಗಿ ಸುರಿದು
ಕಲಕು, ಕಲಕು, ತೋಳು ಬೈಯುವವರೆಗೆ.

ನೀರು ಮಾತ್ರ ಬೇಡ.
ಹೋದ ವರ್ಷ ಮುಚ್ಚಳದಿಂದ ಒಂದೇ ಹನಿ ಜಾರಿ
ಇಡೀ ಬೋಗುಣಿ ಒದ್ದೆ ಮರಳಿನ ಹಾಗೆ ಮುದ್ದೆಕಟ್ಟಿತು.
ಆಮೇಲೆ ಅರ್ಧ ಲೋಟ ಬಿಸಿನೀರು ಹೊಯ್ದಾಗ
ಅದೇ ಮುದ್ದೆ ಸಡಿಲಾಗಿ ಹರಿಯಿತು.
ಅದ್ದಲು ಬಾರದು, ಕುಡಿಯಲು ಬಂತು.
ಹನಿಗೆ ಮುನಿದದ್ದು ಅರ್ಧ ಲೋಟಕ್ಕೆ ಏಕೆ ಒಲಿಯಿತೋ,
ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಥರ್ಮಾಮೀಟರು ಡ್ರಾಯರಿನಲ್ಲೇ ಇದೆ. ಓಪಲ್ ಮುಟ್ಟುವುದಿಲ್ಲ.
ಚಮಚದ ತುದಿ ಕೆಳತುಟಿಗೆ ತಾಗಿಸಿ
ಕಣ್ಣು ಮುಚ್ಚುತ್ತಾಳೆ.
ಬೆಚ್ಚಗೆ ಅನಿಸಿದರೆ ಇನ್ನೂ ಕಲಕು.
ತುಸುವೇ ತಂಪೆನಿಸಿದರೆ, ಹೊಳೆಯಲ್ಲಿ ಕೈ ಅದ್ದಿ
ಯಾರೋ ಕೆನ್ನೆ ಮುಟ್ಟಿದ ಹಾಗೆ,
ಅದು ಹದ.

ಈ ಸಲವೂ ತಾಗಿಸಿದಳು. "ಆಯ್ತು" ಅಂದಳು.
ಮಾತು ಬಾಯಿಯ ಎಡಮೂಲೆಯಲ್ಲಿ ಕೊಂಚ ಜಾರಿತು,
ಆಗಸ್ಟಿನಿಂದ ಹಾಗೇ.
ನಾವು ಹಲ್ಲುಕಡ್ಡಿ ಚುಚ್ಚಿ ಅದ್ದತೊಡಗಿದೆವು.
ಮೇಲೊಂದು ಕಾಸಿನಗಲ ಬಿಟ್ಟು,
ಜಿಂಕೆ ನೋಡುವುದು ಅಲ್ಲಿಂದ ತಾನೆ.

ಮೊದಲ ತಟ್ಟೆ ಆರಿತು.
ಹೊಳಪಿಲ್ಲ. ಬೂದುಗೆರೆ,
ಪೊರೆ ಬಂದ ಕಣ್ಣುಗಳು, ನಾಲ್ಕು ಡಜನ್.

ಯಾರೂ ಏನೂ ಅನ್ನಲಿಲ್ಲ.
ಡಾರ್ವಿನ್ ಇದ್ದಕ್ಕಿದ್ದಂತೆ ಪಂಪು ನೋಡಲು ಹೊರಟ.
ನಾನು ಬೋಗುಣಿಯ ಅಂಚು ಮುಟ್ಟಿದೆ, ಅದಿನ್ನೂ ಬಿಸಿ.
ಅವಳ ತುಟಿಯ ಎಡಬದಿಯಲ್ಲಿ
ಚಾಕಲೇಟಿನ ಹನಿಯೊಂದು ಹಾಗೇ ಅಂಟಿತ್ತು.
ಅಂಟಿದ್ದು ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ನನ್ನ ನೋಟ ಹಿಡಿದು, ಬೆರಳಿಂದ ಒರೆಸಿಕೊಂಡಳು.
ಆ ಬೆರಳನ್ನು ತುಂಬ ಹೊತ್ತು ನೋಡಿದಳು.
"ಬಾ ಇಲ್ಲಿ," ಅಂದಳು, "ನಿನ್ನ ತುಟಿ ಕೊಡು."

ಗಟ್ಟಿ ಚೂರು ಮತ್ತೆರಡು ಹಿಡಿ. ಕಲಕಿದೆವು.
ಚಮಚ ನನ್ನ ಬಾಯಿಗೆ ಬಂತು.
"ಏನನ್ನುತ್ತೆ?"
"ಬೆಚ್ಚಗಿದೆ."
"ಈಗ?"
"ಏನೂ ಅನ್ನೋದಿಲ್ಲ. ಬಿಸಿಯೂ ಇಲ್ಲ, ತಂಪೂ ಇಲ್ಲ."
"ಅದು ನಿನ್ನದೇ ಶಾಖ. ಅದನ್ನು ದಾಟು."
ಅವಳು ಬೋಗುಣಿ ನೋಡುತ್ತಿರಲಿಲ್ಲ,
ನನ್ನ ಮುಖ ನೋಡುತ್ತಿದ್ದಳು, ಒಲೆಯ ಮೇಲಿಟ್ಟ ಹಾಲು ನೋಡುವ ಹಾಗೆ.

ನಾನು ಕಣ್ಣು ಮುಚ್ಚಿದೆ.
ಹೊಳೆಯ ಕೈ ಬಂತು.

ಕತ್ತಿಯ ತುದಿಗೆ ಸವರಿದ್ದು
ಹಾಡೊಂದು ಮುಗಿಯುವಷ್ಟರಲ್ಲಿ ಕನ್ನಡಿಯಾಯಿತು.
ಸಂಜೆಯವರೆಗೆ ಅದ್ದಿದೆವು,
ಕಡ್ಡಿ ಚುಚ್ಚಿದ ತೂತುಗಳನ್ನು ಕಿರುಬೆರಳಲ್ಲಿ ಸವರಿ ಮುಚ್ಚಿದೆವು.

ಬೂದುಗಣ್ಣಿನ ತಟ್ಟೆಯನ್ನು ಓಪಲ್
ತನ್ನ ಬಿಸ್ಕತ್ತಿನ ಡಬ್ಬಿಗೆ ಸುರಿದುಕೊಂಡಳು.
"ರುಚಿಗೇನು ಬಂತು ಧಾಡಿ," ಅಂದಳು
ಕೋಟಿನ ಗುಂಡಿ ಹಾಕುತ್ತ, ಬಲಗೈಯೊಂದರಲ್ಲೇ.