ಇಲ್ಲದ ಚೀಲದ ತೂಕ

ಕಲಬುರಗಿ ಗಂಜಿನಲ್ಲಿ ಇಪ್ಪತ್ತಾರು ವರ್ಷ
ಪಟ್ಟಿ ಬರೆದಿದ್ದೇನೆ.
ಹೆಸರು, ಊರು, ಚೀಲ, ತೂಕ, ದರ;
ಕೆಳಗೆ ಹಮಾಲಿ, ತೂಕದವನ ಕೂಲಿ,
ಚೀಲಕ್ಕೊಂದು ಕಿಲೋ ಬಾರದಾನದ ಕಡತ.
ಸೆಸ್ಸು ಕೊಳ್ಳುವವನದು ಅಂತ ಗೋಡೆಯ ಮೇಲೆ ಬರೆದಿದೆ.
ಕೊಳ್ಳುವವನು ಅದನ್ನು ಸವಾಲಿನೊಳಗೇ ಕಳೆದು
ಉಳಿದದ್ದನ್ನು ದರ ಅನ್ನುತ್ತಾನೆ.
ಇದು ಗೋಡೆಯ ಮೇಲಿಲ್ಲ.

ಎಳ್ಳಮಾಸಿ ಕಳೆದ ವಾರ
ಯಡ್ರಾಮಿ, ಜೇವರ್ಗಿ, ಆಳಂದದ ಟ್ರ್ಯಾಕ್ಟರುಗಳು
ಒಂದರ ಬಾಲ ಒಂದು ಹಿಡಿದು ನಿಂತಿದ್ದವು.
ಕೊಕ್ಕೆ ಬಿದ್ದಲ್ಲೆಲ್ಲ ಚೀಲಕ್ಕೆ ಬಾಯಿ,
ಬಾಯಿ ಬಿಟ್ಟಲ್ಲೆಲ್ಲ ತೊಗರಿ,
ತೊಗರಿ ಬಿದ್ದಲ್ಲೆಲ್ಲ ಲಾಲಬಿಯ ಕಸಬರಿಗೆ.

ಆ ಕಸಬರಿಗೆಗೂ ಬಾಡಿಗೆ ಇದೆ.
ದಿನಾ ಬೆಳಿಗ್ಗೆ ಅಂಗಡಿಯ ಕಟ್ಟೆ ತೊಳೆಯಬೇಕು,
ಸಾಹುಕಾರರ ಚಹಾದ ಗ್ಲಾಸು,
ಚೌಕೀದಾರನಿಗೆ ವಾರಕ್ಕೊಂದು ಸೇರು ಹಸನು ಮಾಡಿದ ತೊಗರಿ.
ಯಾವ ಕಾಯ್ದೆಯ ಯಾವ ಕಲಮೋ,
ನಾನು ಕಂಡಂತೆ ಒಂದು ದಿನವೂ
ಬಾಕಿ ಉಳಿಸಿದವಳಲ್ಲ.

ಅವತ್ತು ಸಂಜೆ, ಕಾಟಾ ಖಾಲಿಯಾದ ಮೇಲೆ,
ಹಳೇ ಸೀರೆಯ ತುಂಡಿನ ಗಂಟು ತಂದಿಟ್ಟಳು.
ಕೇರಿ, ಕಲ್ಲು ಆರಿಸಿ, ಮಣ್ಣು ತೂರಿದ್ದು:
ಹನ್ನೊಂದು ಕಿಲೋ ನಾಲ್ಕುನೂರು.
"ನನ್ನ ಹೆಸರ್ಲೆ ಪಟ್ಟಿ ಬರೀರಿ ಮುನೀಮರೇ.
ಬರೇ ರೊಕ್ಕ ಕೈಯಾಗಿಟ್ಟು ಕಳಸಬ್ಯಾಡ್ರಿ."

ಪಟ್ಟಿ ಯಾಕೆ, ಕೇಳಿದೆ. ಬೆಂಬಲ ಬೆಲೆ ಕೇಂದ್ರಕ್ಕೆ ಹೋಗುವವಳಾ?
ಅಲ್ಲಿ ಪಹಣಿ ಕೇಳುತ್ತಾರೆ, ಫ್ರೂಟ್ಸ್ ನಂಬರು ಕೇಳುತ್ತಾರೆ.
ಪಹಣಿಯಲ್ಲಿ ಹೆಸರಿದ್ದ ದೇಸಾಯರಿಗೆ ಸಬ್ಸಿಡಿಯ ಪೈಪು ಬರುತ್ತದೆ,
ಅವರ ಹೊಲ ಲಾವಣಿ ಹಿಡಿದ ಭೀಮಶ್ಯಾನಿಗೆ
ಆ ಪೈಪು ಹೊರುವ ಕೆಲಸ ಬರುತ್ತದೆ.
ನಿನಗೇನು ಬರುತ್ತದೆ ಲಾಲಬಿ?

ನಕ್ಕಳು.
"ಸಾಬಾಣಕ್ಕ ಕೊಡ್ತೀನಿ, ಚಪ್ಪಲಿಗಿ ಕೊಡ್ತೀನಿ,
ಮೊಬೈಲ್ ಕರೆನ್ಸಿಗಿ ಕೊಡ್ತೀನಿ ಸರಕಾರಕ್ಕ.
ಒಂದರಾಗೂ ನನ್ನ ಹೆಸರಿಲ್ರಿ.
ನನ್ನ ಹೆಸರು, ತೊಗರಿ, ಎರಡೂ ಕೂಡಿ
ಒಂದು ಕಾಗದದಾಗ ಇರಲಿ, ನೋಡಮು."

ಬರೆದೆ.
ರೈತರ ಹೆಸರು: ಲಾಲಬಿ ಗಂಡ ಖಾಜಾಸಾಬ.
ಊರು ಅನ್ನುವಲ್ಲಿ ಪೆನ್ನು ನಿಂತಿತು.
ಯಡ್ರಾಮಿಯದು ಒಂದು ಹಿಡಿ ಇದ್ದೀತು, ಆಳಂದದ್ದು ಅರ್ಧ ಬೊಗಸೆ,
ಹೆಸರು ಗೊತ್ತಿಲ್ಲದ ತಾಂಡಾಗಳದು ಎಷ್ಟೋ.
ಗಂಜ್ ಅಂತ ಬರೆದೆ.
ಹಮಾಲಿ, ಕೂಲಿ, ಬಾರದಾನ ರೂಢಿಯಂತೆ ಕಳೆದು
ಏಳುನೂರ ನಲವತ್ತು ರೂಪಾಯಿ.
ಪಟ್ಟಿ ಮಡಚಿ ಕುಪ್ಪಸದೊಳಗಿಟ್ಟು ಹೋದಳು.

ಮರುದಿನ ಕಟ್ಟೆ ತೊಳೆಯದೆ ನೇರ ಗಾದಿಗೆ ಬಂದಳು.
ಮೊಮ್ಮಗಳು ಓದಿ ಹೇಳಿದ್ದಳಂತೆ.
"ಚೀಲದ್ದು ಅಂತ ಒಂದ್ ಕಿಲೋ ಕಡದೀರಿ.
ನಾ ಚೀಲ ತಂದಿಲ್ರಿ. ಸೀರಿ ತುಂಡು ತಂದಿದ್ನಿ,
ಅದೂ ತಿರಗಿ ಒಯ್ದೀನಿ."

ಸಾಹುಕಾರರು ಪೇಪರಿನಿಂದ ತಲೆ ಎತ್ತಲಿಲ್ಲ.
ನಾನು ಮಾದರಿಯ ತಟ್ಟೆಯಿಂದ
ಬೊಗಸೆ ತುಂಬಿ ಚಾಚಿದೆ.
"ಅದು ಭೀಮಶ್ಯಾಂದು. ಅಂವನ ಪಟ್ಟಿಯಾಗ
ಅದೂ ಬರ್ದಿಲ್ಲ ನೀವು.
ನಂದು ನಂಗ ವಹಿಯಾಗ ಬರ್ದು ಕೊಡ್ರಿ."

ವಹಿಯಲ್ಲಿ ಕಳೆಯುವುದಕ್ಕೆ ಏಳು ಕಾಲಂ.
ಎಂಟನೆಯದಕ್ಕೆ ಗೆರೆ ಎಳೆಯಲು ಪಟ್ಟಿಕೋಲು ಹುಡುಕಿದೆ,
ಹುಡುಕಿದಂತೆ ಮಾಡಿದೆ.
ಹೊರಗೆ ಮೊದಲ ಟ್ರ್ಯಾಕ್ಟರು ಹಿಂದಕ್ಕೆ ಸರಿಯುತ್ತಿತ್ತು,
ಹಮಾಲರು ಕೊಕ್ಕೆ ಒರೆಸಿಕೊಳ್ಳುತ್ತಿದ್ದರು.
ಅವಳು ಕಸಬರಿಗೆ ಬಾಗಿಲಿಗೆ ಆನಿಸಿ
ಗಾದಿಯ ಅಂಚಿಗೆ ಕೂತಳು.

"ಬರೀರಿ, ನಂಗೇನ್ ಅವಸರಿಲ್ಲ," ಅಂದಳು.
"ಅಲ್ಲೀತನ ಒಂದು ಚಹಾ ಹೇಳ್ರಿ."